ಕೃಷ್ಣೆಯ ನಡುವೆ ನಿಂತು ಇಟ್ಟ ಹೆಸರು

ಎಲ್ಲಕ್ಕೂ ಕಾರಣ ಪಕ್ಕದ ಮನೆಯವರ ಅಂಡಮಾನ್ ಪ್ರವಾಸ. ಆ ಗಂಡ ಹೆಂಡತಿ ನೀಲಿ ಸಮುದ್ರದ ಮುಂದೆ ತೆಗೆಸಿಕೊಂಡ ಫೋಟೊಗಳನ್ನು ನಮ್ಮ ಯಾದಗಿರಿಯ ಇಡೀ ಓಣಿಗೆ ತೋರಿಸಿದರು. ನನ್ನ ಹೆಂಡತಿ ಸುನಂದಾ ಅವನ್ನು ನೋಡಿ ಬಂದಳು. ಬಂದವಳೇ ಧಪಧಪ ರೊಟ್ಟಿ ಬಡಿದಳು. ಆ ಸದ್ದಿಗೇ ನನಗೆ ಸಿಟ್ಟು ಬಂತು.

“ದ್ವೀಪ ಅಂದ್ರ ಅಂಡಮಾನ್ ಒಂದೇ ಏನು? ನಮ್ಮ ಕೃಷ್ಣಾ ಹೊಳ್ಯಾಗ ಗಡ್ಡಿ ಇಲ್ಲೇನು? ಭಾನುವಾರ ಹ್ಯಾಂಗೂ ನಿಮ್ಮ ತವರಿಗಿ ಹೊಂಟೀವಿ. ದಾರ್‍ಯಾಗ ಇಳದು ಅರ್ಧ ದಿನ ಆರಾಮ ಕುಂತು ಹೋಗೂಣು!”

“ಅವತ್ತು ತೊಟ್ಟಿಲ ಕಾರ್ಯ ಅದ್ರೀ. ನಾ ಹೋಗಿ ಹೆಸರಿಡಬೇಕು.”

“ಅದು ಸಂಜಿಗಿ!”

ಇಲ್ಲಿ ಒಂದು ಮಾತು ಹೇಳಬೇಕು. ಸುನಂದಾಳ ತಮ್ಮ ಮಲ್ಲಣ್ಣನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಣ್ಣು ಮಗು ಹುಟ್ಟಿತ್ತು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆ ಕೂಸಿಗೆ ಇವಳೊಬ್ಬಳೇ ಸೋದರತ್ತೆ. ತಾನೇ ಕೂತು ಕೂಸಿನ ತಲೆಗೆ ಕುಲಾಯಿ ಹೊಲಿದು, ಅದರ ಅಂಚಿಗೆ ಮಣಿ ಕಟ್ಟಿ, ದಿನಕ್ಕೊಂದು ಸಲ ತೆಗೆದು ನೋಡಿ ಮತ್ತೆ ಮಡಚಿಡುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಕೂಸು ತೊಟ್ಟಿಲಲ್ಲಿರಬೇಕು ಎಂದು ಹಿರಿಯರು ಖಡಾಖಂಡಿತವಾಗಿ ಹೇಳಿದ್ದರು.

ನಾನು ಸುಲಭಕ್ಕೆ ಯಾವುದನ್ನೂ ನಂಬುವವನಲ್ಲ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅದೊಂದೇ. ಪಂಚಾಂಗ, ಪತ್ರಿಕೆ, ಹವಾಮಾನದ ವರದಿ, ಎಲ್ಲವನ್ನೂ ಅನುಮಾನಿಸುತ್ತೇನೆ. ಆದರೆ ಎಂ.ಎ. ಓದುವಾಗ ಗೆಳೆಯರೊಂದಿಗೆ ಹೋಗಿದ್ದ ಆ ನಡುಗಡ್ಡೆ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ನಡುವೆ ಕಲ್ಲಿನ ಮಂಟಪ. ಸುತ್ತ ಪೇರಲ ತೋಟ. ವಾಪಸು ಬರಲು ದೋಣಿಯೂ ಬೇಡ, ಒಂದು ತುದಿಯಲ್ಲಿ ಮೊಣಕಾಲು ಮಟ್ಟದ ನೀರು!

ಭಾನುವಾರ ಬೆಳಿಗ್ಗೆ ಬೈಕು ಹತ್ತಿದೆವು. ಶಹಾಪುರ ದಾಟುವಾಗ ಸುನಂದಾ ಹಿಂದಿನಿಂದ ಕೂಸಿಗೆ ಯಾವ ಹೆಸರು ಎಂದು ಹೇಳಿದಳು. ನಾನು ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನನ್ನು ಬೈಯುವ ಕೆಲಸದಲ್ಲಿದ್ದೆ. “ಹೂಂ, ಹೂಂ” ಎಂದೆ. ಸುರಪುರ ಬಂದಾಗ, “ಬೋನಾಳ ಕೆರ್‍ಯಾಗ ಹಕ್ಕಿ ನೋಡಿ ಹೋದ್ರ ಸಾಕಲ್ರೀ, ಹತ್ರ ಅದ” ಎಂದಳು.

“ಹಕ್ಕಿ ನಮ್ಮ ಮಾಳಿಗಿ ಮ್ಯಾಲೂ ಬರ್ತಾವ!” ಎಂದು ಗಾಡಿ ಮುಂದೆ ಓಡಿಸಿದೆ.

ಹೊಳೆ ದಂಡೆಯಲ್ಲಿ ಸಾಬಣ್ಣ ಎಂಬವನ ಹರಿಗೋಲು ಸಿಕ್ಕಿತು. ದಾಟಿಸುತ್ತ ಆತ ಕೇಳಿದ:

“ವಾಪಸ್ ಎಷ್ಟೊತ್ತಿಗಿ ಬರ್ಲಿ ಸಾಹೇಬ್ರ? ನಾ ಜರಾ ಒಂದ್ ಕಡಿ ಊಟಕ್ಕ ಹೋಗೂದದ.”

“ನೀ ಬರೂದೇ ಬ್ಯಾಡ. ಆ ತುದ್ಯಾಗ ನಡಕೋತ ದಾಟ್ತೀವಿ. ಮೊಣಕಾಲ ನೀರು.”

“ಹೌದ್ರೀ?” ಎಂದು ಆತ ನೀರು ನೋಡಿದ. ಆಮೇಲೆ ಬಿಸಿಲು ನೋಡಿದ. ಊಟದ ಹೊತ್ತು ಮೀರುತ್ತಿತ್ತು. “ಇದ್ದೀತು ಬಿಡ್ರಿ. ನೀವು ಓದಿದವ್ರು” ಎಂದವನೇ ಹಿಂದೆ ನೋಡದೆ ಹುಟ್ಟು ಹಾಕಿದ. ಇಂಥ ಬೇಜವಾಬ್ದಾರಿ ಮನುಷ್ಯನನ್ನು ನಾನು ನೋಡಿಲ್ಲ!

ನಡುಗಡ್ಡೆಯಲ್ಲಿ ಮೆಣಸಿನಕಾಯಿ ಹೊಲವಿತ್ತು. ಜಾಲಿಕಂಟಿ ಇತ್ತು. ಒಂದು ದೊಡ್ಡ ಬಂಡೆ ಇತ್ತು. ಮಂಟಪ ಇರಲಿಲ್ಲ. ಬಿಸಿಲು ಇಳಿಯುವವರೆಗೂ ಮುಳ್ಳಿನಲ್ಲಿ ಸುತ್ತು ಹಾಕಿ ಹುಡುಕಿದೆ. ಮಂಟಪವೆಂದರೆ ಯಾರೋ ಕಿಸೆಯಲ್ಲಿ ಹಾಕಿಕೊಂಡು ಹೋಗುವ ವಸ್ತುವೇ?

“ಯಾರೋ ಕೆಡವ್ಯಾರ. ಕಲ್ಲು ಕದ್ದಾರ! ಇದಕ್ಕ ಕೇಳವ್ರು ಹೇಳವ್ರು ಯಾರೂ ಇಲ್ಲೇನು?” ಎಂದು ಮೆಣಸಿನ ಗಿಡಗಳ ಎದುರು ಗುಡುಗಿದೆ.

ಸುನಂದಾ ನೆರಳಿಗೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದಳು. “ಮಂಟಪ ಹ್ಯಾಂಗಿತ್ರೀ?”

“ಕೆತ್ತಿದ ಕಂಬ. ಮುಂದೊಂದು ಹೊಂಡ.”

“ಅದು ಶಿರವಾಳದ ಗುಡಿ. ಮದುವ್ಯಾದ ವರ್ಷ ನನ್ನೂ ಕರಕೊಂಡು ಹೋಗಿದ್ರಿ. ಪೇರಲ ತೋಟ ಅಂದ್ರಲ್ಲ, ಅದು ದೋರನಹಳ್ಳ್ಯಾಗ ನಿಮ್ಮ ದೋಸ್ತರದು.”

ಹಾಗಾದರೆ ಮೊಣಕಾಲು ನೀರು? ನಿಧಾನವಾಗಿ ಹೊಳೆಯಿತು. ಅದು ಬೇಸಿಗೆಯಲ್ಲಿ ಯಾದಗಿರಿಯ ಭೀಮೆ. ನನ್ನ ತಲೆ ಮೂರು ಊರುಗಳನ್ನು ಸೇರಿಸಿ ಹೊಲಿದು ಒಂದು ದ್ವೀಪ ಮಾಡಿಟ್ಟಿತ್ತು. ಹಾಗಾದರೆ ನಾನು ಎಂ.ಎ. ಮಾಡಿದ್ದಾದರೂ ನಿಜವೇ? ಮನೆಗೆ ಹೋಗಿ ಸರ್ಟಿಫಿಕೇಟ್ ನೋಡಬೇಕು!

ತಪ್ಪು ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಟ್ಟಿನಲ್ಲಿದ್ದವನು ಒಪ್ಪಿಕೊಳ್ಳುವುದು ಹೇಗೆ? “ನೀರು ಯಾವ ಹೊಳ್ಯಾಗಾದ್ರೂ ನೀರೇ. ನಡಿ!” ಎಂದು ಪ್ಯಾಂಟು ಮಡಚಿ ಇಳಿದೆ. ಸುನಂದಾ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಬಂದಳು. ಮೊಣಕಾಲು. ತೊಡೆ. ಸೊಂಟ. ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ! ಮುಳುಗುವವನು ಸಿಕ್ಕಿದ್ದನ್ನು ಹಿಡಿಯುತ್ತಾನೆ. ನಾನು ಚೀಲ ಹಿಡಿದೆ.

ಹೇಗೋ ನಡುಗಡ್ಡೆಯ ದಂಡೆಗೇ ವಾಪಸು ಬಂದು ಬಿದ್ದೆವು. ಚೀಲದಲ್ಲಿದ್ದ ಸುನಂದಾಳ ಫೋನಿನಿಂದ ನೀರು ಸುರಿಯುತ್ತಿತ್ತು. ಕುಲಾಯಿ ಮಾತ್ರ ಮಣಿಗಳನ್ನು ಮಿನುಗಿಸುತ್ತ ಹೊಳೆಯ ನಡುವೆ ತೇಲಿ ಹೋಯಿತು. ಅದು ಕಣ್ಮರೆಯಾಗುವವರೆಗೂ ಅವಳು ನೋಡುತ್ತ ನಿಂತಳು.

“ಬಯ್ಯಾರ ಬೈ!” ಎಂದೆ. ಅವಳು ಸೆರಗು ಹಿಂಡತೊಡಗಿದಳು. ಅದಕ್ಕೂ ಸಿಟ್ಟು ಬಂತು.

ನನ್ನ ಫೋನು ಅಂಗಿಯ ಮೇಲಿನ ಕಿಸೆಯಲ್ಲಿ ನೆಂದರೂ ಬದುಕಿತ್ತು. ಆದರೆ ಸಿಗ್ನಲ್ ಇರಲಿಲ್ಲ. ತೆವಳುತ್ತ ಬಂಡೆ ಹತ್ತಿದೆ. ತುದಿಯಲ್ಲಿ ಒಂಟಿ ಕಾಲಿನಲ್ಲಿ ನಿಂತು ಕೈ ಮೇಲೆತ್ತಿದಾಗ ಸಿಗ್ನಲ್ಲಿನ ಒಂದು ಕಡ್ಡಿ ಬಂತು. ಸ್ಪೀಕರ್ ಹಾಕಿ ಮಲ್ಲಣ್ಣನಿಗೆ ಹಚ್ಚಿದೆ.

“ಮಾಮಾ! ಎಲ್ಲಿ ಸತ್ರಿ? ಮಂದಿ ಎಲ್ಲಾ ಉಂಡು ಕುಂತಾರ!”

“ಗಡ್ಡ್ಯಾಗ ಸಿಕ್ಕೊಂಡೀವಿ. ಹರಗೋಲ ಕಳಸು. ಸಾಬಣ್ಣ ಅನ್ನಾವನ್ನ ಹುಡುಕು!”

“ಸಾಬಣ್ಣ? ಮಧ್ಯಾಹ್ನ ಉಂಡಾಂವ ಮತ್ತ ನಮ್ಮನಿ ಪಂಕ್ತ್ಯಾಗೇ ಕುಂತಾನಲ್ರೀ. ಎರಡನೇ ಹೋಳಿಗಿ ತಿನ್ನಾಕತ್ತಾನ.”

ನಾವು ಉಪವಾಸ. ಅವನು ನಮ್ಮದೇ ಮನೆಯ ಹೋಳಿಗೆ ತಿನ್ನುತ್ತಿದ್ದಾನೆ! ಫೋನನ್ನು ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು.

“ಅಂವ ಬರೂದ್ರಾಗ ಹೊತ್ತು ಮುಳುಗ್ತದ ಮಾಮಾ. ಹಿರ್‍ಯಾರು ತಡಿಯಂಗಿಲ್ಲ. ಫೋನ್ ಕೂಸಿನ ಕಿವಿಗಿ ಹಿಡೀತೀನಿ, ಅಕ್ಕಗ ಕೊಡ್ರಿ.”

ಅಕ್ಕ ಕೆಳಗಿದ್ದಳು. ಒದ್ದೆ ಸೀರೆಯಲ್ಲಿ ಎರಡು ಸಲ ಬಂಡೆ ಹತ್ತಲು ನೋಡಿ ಎರಡು ಸಲವೂ ಜಾರಿದಳು. ನಾನು ಕೈ ಇಳಿಸಿದರೆ ಕಡ್ಡಿ ಹೋಗುತ್ತಿತ್ತು. ಸೂರ್ಯ ಹೊಳೆಗೆ ತಾಗುತ್ತಿದ್ದ. ಕೊನೆಗೆ ಅವಳು ಕತ್ತೆತ್ತಿ ಹೇಳಿದಳು.

“ನೀವೇ ಹೇಳಿಬಿಡ್ರಿ. ಹೆಸರು ನೆನಪದ ಅಲ್ಲ? ಇಲ್ಲಂದ್ರ ಮತ್ತೊಮ್ಮೆ ಹೇಳ್ತೀನಿ.”

ಮತ್ತೊಮ್ಮೆ ಹೇಳುತ್ತಾಳಂತೆ! ಮಂಟಪದ ವಿಷಯವನ್ನೇ ಚುಚ್ಚುತ್ತಿದ್ದಾಳೆ ಎನಿಸಿತು. “ಬ್ಯಾಡ! ನನಗ ಗೊತ್ತಿಲ್ಲೇನು?” ಎಂದು ಗದರಿದೆ. ಅದು ಆ ಮನೆಯ ಹಿರಿಯಳೊಬ್ಬಳ ಹೆಸರು. ಹಳೆಯ ಹೆಸರು. ಕೊನೆಯಲ್ಲಿ ‘ಅಮ್ಮ’ ಬರುತ್ತದೆ. ಸಂಶಯವೇ ಇಲ್ಲ!

“ಕುರ್‍ರ್‍ರ್! ದೇವಮ್ಮ!” ಎಂದು ಕೃಷ್ಣೆಯ ಎರಡೂ ದಂಡೆಗೆ ಕೇಳುವಂತೆ ಕೂಗಿದೆ.

ಆ ಕಡೆಯಿಂದ ಧಬಧಬ ಸದ್ದು ಕೇಳಿತು. ಹೆಸರಿಟ್ಟವರ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ನಾನು ಸಿಗದಿದ್ದಕ್ಕೆ ಫೋನ್ ಹಿಡಿದಿದ್ದ ಮಲ್ಲಣ್ಣನಿಗೆ ಗುದ್ದುತ್ತಿದ್ದರು. ಅವನು ಏದುಸಿರು ಬಿಡುತ್ತ ಹೇಳಿದ:

“ಮಾಮಾ, ನಮ್ಮಜ್ಜಿ ಹೆಸರು ನೀಲಮ್ಮ. ದೇವಮ್ಮ ಅಂದ್ರ ನಮ್ಮವ್ವ. ಇಲ್ಲೇ ಕುಂತಾಳ!”

ತೀರಿಹೋದವರ ಹೆಸರನ್ನು ಕೂಸಿಗಿಡುತ್ತಾರೆ. ನಾನು ಅತ್ತೆಯನ್ನು ಬದುಕಿರುವಾಗಲೇ ಆ ಸಾಲಿಗೆ ಸೇರಿಸಿದ್ದೆ! ಕಿವಿಯಲ್ಲಿ ಒಮ್ಮೆ ಹೇಳಿದ್ದು ಹೇಳಿದ್ದೇ, ತಿರುಗಿ ಇಡುವಂತಿಲ್ಲ. ಕಡ್ಡಿ ಹೋಯಿತು. ಕೆಳಗೆ ನೋಡಿದರೆ ಸುನಂದಾ ಹೊಳೆಯ ಕಡೆ ಮುಖ ಮಾಡಿ ಕೂತಿದ್ದಳು. ಬೆನ್ನು ಅಲುಗುತ್ತಿತ್ತು. ನಾನು ಬಂಡೆಯಿಂದ ಇಳಿದೆ. ಹತ್ತಿರ ಹೋಗಿ ಕೂರುವ ಧೈರ್ಯವಾಗಲಿಲ್ಲ.

ಸಾಬಣ್ಣ ತೇಗುತ್ತ ಬಂದು ಕರೆದೊಯ್ದ. ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಬರ್ರಿ ಅಳಿಯಂದಿರ. ನಾ ಇನ್ನಾ ಅದೀನ್ರಿ. ಬೇಕಾದ್ರ ಮುಟ್ಟಿ ನೋಡ್ರಿ!”

ಒಳಗೆ ಕೂಸು ಅಳುತ್ತಿತ್ತು. ಮಲ್ಲಣ್ಣನ ಹೆಂಡತಿ ತೊಟ್ಟಿಲು ತೂಗುತ್ತ ಗಟ್ಟಿಯಾಗಿ ಗದರಿಸುತ್ತಿದ್ದಳು: “ಏ ದೇವಮ್ಮ, ಬಾಯಿ ಮುಚ್ಚು! ಎಷ್ಟು ಒದರ್‍ತಿ?” ಅತ್ತೆಯ ಹೆಸರು ಹಿಡಿದು ಬೈಯುವ ಭಾಗ್ಯ ಆ ಊರಿನ ಯಾವ ಸೊಸೆಗೂ ಸಿಕ್ಕಿರಲಿಲ್ಲ. ನನ್ನ ತಟ್ಟೆಗೆ ತುಪ್ಪ ಸುರಿಯುವಾಗ ಅವಳು ಮೆಲ್ಲಗೆ, “ಛಲೋ ಹೆಸರಿಟ್ರಿ ಅಣ್ಣಾರ” ಎಂದಳು. ಇಡೀ ಮನೆಯಲ್ಲಿ ನನ್ನ ಬಗ್ಗೆ ಸಂತೋಷಪಟ್ಟವಳು ಅವಳೊಬ್ಬಳೇ.

ಸುನಂದಾ ಸೀದಾ ಹೋಗಿ ತೊಟ್ಟಿಲಿಗೆ ಬಗ್ಗಿದಳು. ಕೂಸಿನ ಕಿವಿಗೆ ಬಾಯಿಟ್ಟು ಏನೋ ಅಂದಳು. ಬಹಳ ಹೊತ್ತು ಅಂದಳು. ಕೂಸು ಅಳು ನಿಲ್ಲಿಸಿತು.

“ಏನಂದಿ?” ಎಂದು ಕೇಳಿದೆ.

“ನಿಮಗ ಹೇಳಿ ಏನ್ ಮಾಡ್ಲಿ?”

ಭಯಂಕರ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ. ಯಾರನ್ನು ಎಂಬುದೇ ನೆನಪಾಗಲಿಲ್ಲ.