ವಕೀಲಕ್ಕ ಹೇಳಿದ ಅಳತೆ

ಅಳತೆ ಪುಸ್ತಕದಲ್ಲಿ ಸೊಂಟ ಮೂವತ್ತಾರು ಎಂದು ಬರೆದಿತ್ತು. ಟೈಲರಮ್ಮ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಮೂವತ್ತೊಂಬತ್ತಕ್ಕೆ ಗೆರೆ ಎಳೆಯುತ್ತಿದ್ದಳು. ಪಕ್ಕದ ಮನೆಯ ವಕೀಲಕ್ಕನ ಗೌನುಗಳನ್ನು ಅವಳು ಹೊಲಿಯುತ್ತಿದ್ದುದು ಯಾವಾಗಲೂ ಹೀಗೆಯೇ. ವಕೀಲಕ್ಕ ಸೊಂಟಕ್ಕೆ ಟೇಪು ಹಿಡಿಯಲು ಬಿಡುವವಳಲ್ಲ. "ಮದುವೇಲಿ ಎಷ್ಟಿತ್ತೋ ಈಗ್ಲೂ ಅಷ್ಟೇ, ಬರ್ಕೋ" ಎನ್ನುತ್ತಾಳೆ. ಟೈಲರಮ್ಮ ಬರೆದುಕೊಂಡು, ಆಮೇಲೆ ಕಣ್ಣಳತೆಯಲ್ಲಿ ಮೂರು ಇಂಚು ಸೇರಿಸುತ್ತಾಳೆ. ಗೌನು ಮೈಗೆ ಸರಿಯಾಗಿ ಕೂತಾಗ ವಕೀಲಕ್ಕ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, "ನೋಡಿದ್ಯಾ, ನಾನು ಹೇಳ್ಲಿಲ್ವಾ" ಎನ್ನುತ್ತಾಳೆ. ಹನ್ನೊಂದು ವರ್ಷದಿಂದ ಈ ಗುಟ್ಟು ಟೈಲರಮ್ಮನ ಹೊಟ್ಟೆಯಲ್ಲೇ ಇದೆ.

ವಕೀಲಕ್ಕ ಓದಿದ ವಕೀಲೆಯೇನಲ್ಲ. ಅವಳ ತಮ್ಮ ಯಾವುದೋ ವಕೀಲರ ಕಚೇರಿಯಲ್ಲಿ ಟೈಪ್ ಮಾಡುತ್ತಾನೆ. ಆ ನಂಟಿನ ಬಲದಿಂದ ಬೀದಿಯ ಅರ್ಜಿಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಡಿಗ್ರಿ ಓದುವ ಮಕ್ಕಳಿಗೆ ಸರ್ಕಾರ ಕೊಡುವ ಸಹಾಯಧನದ ಅರ್ಜಿಯನ್ನೂ ಅವಳೇ ತುಂಬಿದ್ದಳು, ಒಂದು ತನ್ನ ಮಗನಿಗೆ, ಒಂದು ಟೈಲರಮ್ಮನ ಮಗಳಿಗೆ. 'ತಾಯಿಯ ಉದ್ಯೋಗ' ಎಂಬಲ್ಲಿ ಟೈಲರಮ್ಮ ಬಾಯಿ ತೆರೆಯುವ ಮೊದಲೇ 'ಇಲ್ಲ' ಎಂದು ಬರೆದಾಗಿತ್ತು.

"ಹೊಲಿಗೆ ಅಂತ ಬರೆದ್ರೆ ಆದಾಯ ಮಿತಿ ದಾಟತ್ತೆ ಕಣೇ. ಮನೇಲಿ ಕೂತು ಮೆಷಿನ್ ತುಳಿಯೋದೂ ಒಂದು ಉದ್ಯೋಗನಾ?"

ಆ ಎರಡಕ್ಷರ ಟೈಲರಮ್ಮನಿಗೆ ಉಗುರಿನ ಸಂದಿಗೆ ಸಿಕ್ಕ ದಾರದ ಎಳೆಯ ಹಾಗೆ ಕಿರಿಕಿರಿ ಮಾಡಿತ್ತು. ಆದರೂ ಸಹಿ ಹಾಕಿದಳು. ಸಹಾಯಧನ ಬರದಿದ್ದರೆ ಮಗಳ ಓದು ಮೊದಲ ವರ್ಷಕ್ಕೇ ನಿಲ್ಲುತ್ತದೆ. ಗಂಡ ವ್ಯಾನು ಓಡಿಸುವ ಬೇಕರಿಯ ಕೌಂಟರಿನಲ್ಲಿ ನಾದಿನಿ ಆಗಲೇ ಹುಡುಗಿಗೊಂದು ಸ್ಟೂಲು ಗೊತ್ತುಮಾಡಿ ಇಟ್ಟಿದ್ದಾಳೆ.

ಗೆರೆ ಎಳೆದು ಕತ್ತರಿ ಕೈಗೆತ್ತಿಕೊಳ್ಳುವಷ್ಟರಲ್ಲಿ ವಕೀಲಕ್ಕನೇ ಬಾಗಿಲು ತಳ್ಳಿಕೊಂಡು ಬಂದಳು.

"ಕತ್ತರಿ ಇಡು. ಇವತ್ತು ನಮ್ಮ ಬೀದಿಗೆ ಅರ್ಹತೆ ತನಿಖೆ. ತಮ್ಮ ಫೋನ್ ಮಾಡಿದ್ದ."

"ಮನೆಗೇ ಬರ್ತಾರಾ ಅಕ್ಕ?"

"ಮನೆಗೇ. ಆದ್ರೆ ನಾನು ಆಫೀಸರು ಅಂತ ಹಣೆ ಮೇಲೆ ಬರ್ಕೊಂಡು ಬರಲ್ಲ. ಬಾಡಿಗೆ ಮನೆ ಹುಡುಕೋರ ಥರ ಬಂದು ಮಾತಾಡಿಸ್ತಾರೆ. ಫ್ರಿಜ್ ಕಂಡ್ರೆ ಒಂದು ಗೀಟು, ಟಿವಿ ಕಂಡ್ರೆ ಇನ್ನೊಂದು. ಎರಡು ಗೀಟು ಬಿತ್ತು ಅಂದ್ರೆ ಅರ್ಜಿ ಕಸದಬುಟ್ಟಿಗೆ."

"ನಿಮ್ಮನೇಲೂ ಅದೆಲ್ಲ ಇದೆಯಲ್ಲ?"

"ನಮ್ಮದು ಹೇಗೂ ಹೋಗೋ ಅರ್ಜಿ. ಅತ್ತೆ ಪೆನ್ಶನ್ ಸೇರಿ ಮಿತಿ ದಾಟತ್ತೆ. ನಿನ್ನ ಮಗಳಿಗಾದ್ರೂ ಸಿಗ್ಲಿ ಅಂತ ನಾನು ಒದ್ದಾಡ್ತಿರೋದು. ನಿನ್ನ ಸಾಮಾನು ನಮ್ಮನೇಲಿ ಇಡೋಣ."

ವಕೀಲಕ್ಕನ ಗಂಡ ಮಾತು ಕಡಿಮೆ, ಬೆನ್ನು ಗಟ್ಟಿ. ಒಂದು ಗಂಟೆಯೊಳಗೆ ಫ್ರಿಜ್ಜು, ಟಿವಿ, ಕುರ್ಚಿಗಳು, ಹಾಸಿಗೆ ಎಲ್ಲ ಗೋಡೆಯ ಆಚೆ ಸೇರಿದವು. ಗ್ಯಾಸಿನ ಒಲೆಗೆ ಕೈ ಹಾಕಿದಾಗ ಟೈಲರಮ್ಮ ತಡೆದಳು.

"ಒಲೆನೂನಾ? ಒಲೆ ಇಲ್ದೆ ಎಂಥ ಬಡವರೂ ಇರಲ್ಲ ಅಕ್ಕ."

"ನಿಂದು ಎರಡು ಬರ್ನರಿನ ಒಲೆ. ಬಡವರಿಗೆ ಒಂದು ಸಾಕು."

"ಹಾಗಾದ್ರೆ ಹೊಲಿಗೆ ಮೆಷಿನ್ನೂ ತಗೊಂಡು ಹೋಗಿ. ಅದು ಕಂಡ್ರೆ ಉದ್ಯೋಗ ಗೊತ್ತಾಗ್ಬಿಡತ್ತೆ."

"ಅದು ನಮಗ್ಯಾಕೆ? ಮೂಲೇಲಿಟ್ಟು ಗೋಣಿ ಮುಚ್ಚು."

ನಮಗ್ಯಾಕೆ ಎಂಬ ಮಾತು ಟೈಲರಮ್ಮನ ಕಿವಿಯಲ್ಲಿ ಸ್ವಲ್ಪ ಹೊತ್ತು ನಿಂತು, ಗಡಿಬಿಡಿಯಲ್ಲಿ ಎಲ್ಲೋ ಹೋಯಿತು.

"ಕೊನೇ ಮಾತು," ಎಂದಳು ವಕೀಲಕ್ಕ ಹೊಸಿಲಲ್ಲಿ ನಿಂತು. "ಕೇಳಿದ್ದಕ್ಕೆ ಒಂದೇ ಮಾತಲ್ಲಿ ಉತ್ತರ. ನೀನು ಬಾಯಿ ಬಿಟ್ರೆ ಬಣ್ಣಗೇಡು. ಏನ್ ಕೆಲಸ ಅಂದ್ರೆ ಮನೆಗೆಲಸ ಅನ್ನು."

ಟೈಲರಮ್ಮ ಹರಕು ಬಟ್ಟೆ ಉಟ್ಟು, ತಲೆಗೊಂದು ಚೌಕ ಕಟ್ಟಿಕೊಂಡು, ಫ್ರಿಜ್ಜು ಇದ್ದ ಜಾಗದ ಧೂಳು ಗುಡಿಸುತ್ತ ಕಾಯತೊಡಗಿದಳು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರೆ. ಅವಳಿಗೆ ಹಾವು ಕಚ್ಚುವ ಮೊದಲೇ ಬೀದಿ ತುಂಬ ಹಗ್ಗಗಳು ಹರಿದಾಡುತ್ತಿದ್ದವು. ಪ್ಲಾಸ್ಟಿಕ್ ಬಕೆಟ್ ಮಾರುವವನು ಎರಡು ಸಲ ಮನೆ ಕಡೆ ನೋಡಿದ, ಕಿಟಕಿ ಮುಚ್ಚಿದಳು. ಎದುರುಗಡೆ ಛತ್ರಿ ರಿಪೇರಿಯವನು ಕೂತೇ ಇದ್ದ. ಮಳೆಯಿಲ್ಲದ ದಿನ ಇವನಿಗೇನು ಕೆಲಸ ಎಂದು ಕಿಟಕಿಯ ಸಂದಿಯಿಂದ ಅವನನ್ನೇ ನೋಡಿದಳು.

ಅಷ್ಟರಲ್ಲಿ ಗೇಟಿನ ಹತ್ತಿರ ಖಾಕಿ ಅಂಗಿಯವನೊಬ್ಬ ಕುಕ್ಕರುಗಾಲಲ್ಲಿ ಕೂತು ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಒಂದು ಗೀಟು, ಇನ್ನೊಂದು ಗೀಟು. ಟೈಲರಮ್ಮ ಪೊರಕೆ ಸಮೇತ ಹೊರಗೆ ಬಂದಳು.

"ಏನ್ ಬರೀತಿದೀರಾ? ಒಳಗೆ ಬಂದು ನೋಡಿ. ಮನೆ ಪೂರ್ತಿ ಖಾಲಿ."

"ನಾನು ನೀರಿನ ಮೀಟರ್ ಓದೋನಮ್ಮ."

ಮೀಟರಿನವನ ವೇಷ, ಅಂದುಕೊಂಡಳು ಟೈಲರಮ್ಮ. "ಯಾರಾದ್ರೂ ಆಗಿರಿ. ಖಾಲಿ ಅಂದ್ರೆ ಖಾಲಿ."

ಅವನು ಬಾಗಿಲಿಂದ ಇಣುಕಿದ, ಮೀಟರನ್ನು ನೋಡಿದ, ಮತ್ತೆ ಇವಳನ್ನು ನೋಡಿದ. ಈಗ ಸಂಶಯ ಅವನ ಕಣ್ಣಿಗೆ ಬಂದಿತ್ತು. "ಖಾಲಿ ಮನೇಲಿ ಇಷ್ಟು ನೀರು ಯಾರು ಕುಡಿತಾರೆ?"

ಒಂದೇ ಮಾತು ಎಂಬುದು ನೆನಪಾಗಿ ಟೈಲರಮ್ಮ ತುಟಿ ಬಿಗಿಹಿಡಿದಳು.

"ಹಾಗಾದ್ರೆ ಪೈಪು ಒಡೆದಿರ್ಬೇಕು," ಎಂದು ಅವನು ವಾಲ್ವು ತಿರುಗಿಸಿ ತಂತಿ ಬಿಗಿದ. "ನಾಳೆ ರಿಪೇರಿಯೋರು ಬರೋ ತನಕ ಯಾರೂ ಮುಟ್ಟೋ ಹಾಗಿಲ್ಲ." ಹೀಗೆ ಒಲೆಯ ಹಿಂದೆ ನೀರೂ ಹೋಯಿತು.

ಮಧ್ಯಾಹ್ನ ಮೂರರ ಸುಮಾರಿಗೆ ಕನ್ನಡಕದ ಹೆಂಗಸೊಬ್ಬಳು ಹೆಗಲಿಗೆ ಬ್ಯಾಗು, ಕೈಯಲ್ಲಿ ಫೋನು ಹಿಡಿದು ಮೆಟ್ಟಿಲ ಮೇಲೆ ನಿಂತಳು. ತೆರೆದ ಬಾಗಿಲು, ಬರಿದಾದ ಹಜಾರ, ಪೊರಕೆ ಹಿಡಿದ ಹೆಂಗಸು ಎಲ್ಲವನ್ನೂ ನೋಡಿ ಕೇಳಿದಳು:

"ಮನೆ ಖಾಲಿನಾ?"

ಬಾಡಿಗೆಗೆ ಕೇಳುವವರ ಧಾಟಿ, ಥೇಟ್ ವಕೀಲಕ್ಕ ಹೇಳಿದ ಹಾಗೆ. ಟೈಲರಮ್ಮ ಒಳಗೊಳಗೇ ಬೀಗಿದಳು.

"ಖಾಲಿ."

"ಯಾವಾಗಿಂದ?"

ಬಡತನ ಇವತ್ತಿನದಲ್ಲ ಎಂದು ತೋರಬೇಕಲ್ಲ. "ತುಂಬಾ ದಿನದಿಂದ."

"ಇದ್ದೋರೆಲ್ಲ ಎಲ್ಲಿ?"

"ಹೊಟ್ಟೆಪಾಡಿಗೆ ಹೋಗಿದಾರೆ."

"ಪಾಪ. ನೀವೇನು ಮಾಡ್ತೀರಿ?"

"ಮನೆಗೆಲಸ."

ಆಕೆ ಒಳಗೆ ಬಂದು, ಒಲೆಯಿಲ್ಲದ ಅಡುಗೆಮನೆಯ ಕಟ್ಟೆ ನೋಡಿ, ನಲ್ಲಿ ತಿರುಗಿಸಿದಳು. ನಲ್ಲಿ ಮುದುಕನ ಹಾಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಆಕೆ ತಲೆಯಾಡಿಸಿ ಫೋನಿನಲ್ಲಿ ಏನೋ ಒತ್ತಿ, "ಬಾಗಿಲು ಭದ್ರ ಮಾಡ್ಕೊಂಡು ಹೋಗಿ" ಎಂದು ಪಕ್ಕದ ಮನೆಯ ಕಡೆ ನಡೆದಳು. ಹೋಗಿ ಎಂದದ್ದೇಕೆಂದು ಟೈಲರಮ್ಮನಿಗೆ ಹೊಳೆಯಲಿಲ್ಲ. ಗೋಡೆಯಾಚೆಯಿಂದ ಚಮಚದ ಸದ್ದು, ವಕೀಲಕ್ಕನ ನಗು ಕೇಳಿಸಿತು. ಪಾಪ, ತನ್ನ ಹೋಗುವ ಅರ್ಜಿಗೂ ಎಷ್ಟು ಉಪಚಾರ ಮಾಡುತ್ತಾಳೆ ಎಂದುಕೊಂಡಳು.

ಸಂಜೆ ಕಾಲೇಜಿನಿಂದ ಬಂದ ಮಗಳು ಫೋನು ಹಿಡಿದು ಹೊಸಿಲಲ್ಲೇ ನಿಂತಳು.

"ಅಮ್ಮ, ನಾವು ಯಾವಾಗ ಮನೆ ಖಾಲಿ ಮಾಡಿದ್ವಿ?"

"ಬೆಳಿಗ್ಗೆ. ಯಾಕೆ?"

ಮಗಳು ಓದಿದಳು: "ಸದರಿ ವಿಳಾಸದಲ್ಲಿ ಅರ್ಜಿದಾರರ ಕುಟುಂಬ ವಾಸವಿಲ್ಲ. ಮನೆ ಬಹಳ ದಿನಗಳಿಂದ ಖಾಲಿ. ನೀರಿನ ಸಂಪರ್ಕವಿಲ್ಲ. ಸ್ಥಳದಲ್ಲಿದ್ದ ಕೆಲಸದಾಕೆ ದೃಢಪಡಿಸಿದ್ದಾರೆ. ಅರ್ಜಿ ತಿರಸ್ಕೃತ."

ಟೈಲರಮ್ಮ ಪೊರಕೆ ಕೆಳಗಿಟ್ಟು ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಫ್ರಿಜ್ಜಿನ ಕತೆ ಕೇಳಿದ ಮಗಳು ನಿಯಮಗಳನ್ನು ಫೋನಿನಲ್ಲಿ ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಇದರಲ್ಲಿ ಫ್ರಿಜ್ಜೂ ಇಲ್ಲ, ಟಿವಿನೂ ಇಲ್ಲ. ತನಿಖೆಗೆ ಬಂದೋರು ನೋಡೋದು ಎರಡೇ. ಮನೆಯೋರು ಅಲ್ಲೇ ವಾಸ ಇದಾರಾ, ಒಂದು ಸೂರಿನ ಕೆಳಗೆ ಎಷ್ಟು ಸಂಸಾರ ಇದೆ. ನಿನ್ನ ಹೊಲಿಗೆ ಸೇರ್ಸಿದ್ರೂ ನಾವು ಮಿತಿ ಒಳಗೇ ಇರ್ತಿದ್ವಿ ಅಮ್ಮ."

ಆಗಲೇ ಚಾಕಲೇಟಿನ ಡಬ್ಬಿ ಹಿಡಿದು ವಕೀಲಕ್ಕ ಬಂದಳು. ಮಗನಿಗೆ ಸಹಾಯಧನ ಮಂಜೂರಾಗಿತ್ತು.

"ನಂಗೇ ಆಶ್ಚರ್ಯ ಕಣೇ. ಎರಡು ಫ್ರಿಜ್ಜು, ಎರಡು ಒಲೆ ನೋಡಿ ಆ ಮೇಡಂ ಅವರೇ ಕೇಳಿದ್ರು, ಅತ್ತೆದು ಬೇರೆ ಸಂಸಾರನಾ ಅಂತ. ನಾನು ಒಂದೇ ಮಾತು ಹೇಳ್ದೆ. ಹೂಂ ಅಂತ. ಪೆನ್ಶನ್ ಅತ್ತೆ ಪಾಲಿಗೆ ಹೋಯ್ತು, ನಮ್ಮ ಆದಾಯ ಮಿತಿ ಒಳಗೆ ಬಂತು."

ಮಗಳು ಏನೋ ಹೇಳಲು ಮುಂದಾದಳು. ಟೈಲರಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು.

"ತಮ್ಮ ಫೋನ್ ಮಾಡಿ ಹೇಳ್ದ. ನಿಂದು ಹೀಗಾಯ್ತಲ್ಲ ಅಂತ ಕರುಳು ಚುರುಕ್ ಅಂತು. ಮೇಲ್ಮನವಿಗೆ ಹದಿನೈದು ದಿನ ಇದೆ, ಚಿಂತೆ ಬೇಡ, ನಾನೇ ತುಂಬಿಕೊಡ್ತೀನಿ. ಒಲೆ ಫ್ರಿಜ್ಜು ಅಲ್ಲೇ ಇರ್ಲಿ, ಮತ್ತೆ ಯಾರಾದ್ರೂ ನೋಡೋಕೆ ಬಂದ್ರೆ ಕಷ್ಟ." ಯಾರಿಗೆ ಕಷ್ಟವೆಂದು ಹೇಳಲಿಲ್ಲ. "ಅಂದಹಾಗೆ ಗೌನು ಎಲ್ಲಿಗೆ ಬಂತು? ಶನಿವಾರ ಸಹಾಯಧನದ ಪತ್ರ ಕೊಡೋ ಸಮಾರಂಭ. ತಾಯಂದಿರನ್ನೂ ವೇದಿಕೆಗೆ ಕರೀತಾರೆ."

"ಆಗ್ಲಿ ಅಕ್ಕ. ಶುಕ್ರವಾರ ಕೊಡ್ತೀನಿ."

ವಕೀಲಕ್ಕ ಹೋದ ಮೇಲೆ ಟೈಲರಮ್ಮ ಮೆಷಿನ್ನಿನ ಮೇಲಿನ ಗೋಣಿ ಸರಿಸಿ ಅಳತೆ ಪುಸ್ತಕ ತೆಗೆದಳು. 'ಗೌನು, ಶನಿವಾರದ ಸಮಾರಂಭಕ್ಕೆ' ಎಂದು ತನ್ನದೇ ಕೈಬರಹದಲ್ಲಿತ್ತು. ಬರೆದ ತಾರೀಕು ಕಳೆದ ವಾರದ್ದು. ಹೋಗುವ ಅರ್ಜಿಯವಳು ವೇದಿಕೆ ಹತ್ತಲು ಒಂದು ವಾರ ಮೊದಲೇ ಬಟ್ಟೆ ಕೊಟ್ಟಿದ್ದಳು.

ಗಂಡ ಬಂದು, ಬರಿದಾದ ಮನೆ ನೋಡಿ ಕಳ್ಳರು ಹೊಕ್ಕಿದ್ದಾರೆಂದು ಕೂಗಾಡಿ, ವಿಷಯ ತಿಳಿದ ಮೇಲೆ ಇನ್ನಷ್ಟು ಕೂಗಾಡಿ, ವ್ಯಾನಿನಲ್ಲಿ ಉಳಿದಿದ್ದ ಬನ್ನು ತಂದ. ಮೂವರೂ ನೆಲದ ಮೇಲೆ ಕೂತು ತಿಂದರು. "ಅಕ್ಕನ ಹತ್ರಾನೇ ಮೇಲ್ಮನವಿ ಬರೆಸು, ಅವಳಿಗೆ ಎಲ್ಲಾ ಗೊತ್ತು," ಎಂದ ಗಂಡ.

"ನೋಡೋಣ," ಎಂದಳು.

ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ತಾನೇ ಹೋಗಬೇಕು. ಅರ್ಜಿ ತನ್ನ ಕೈಯಲ್ಲೇ ಬರೆಯಬೇಕು. ತಾಯಿಯ ಉದ್ಯೋಗ, ಟೈಲರ್. ಬರುವಾಗ ಒಲೆಯನ್ನು ತಾನೇ ಹೊತ್ತು ತರಬೇಕು. ಬನ್ನಿನ ಕಾಗದ ಮಡಿಸುತ್ತ ಇಷ್ಟನ್ನೂ ಮನಸ್ಸಿನಲ್ಲೇ ಕತ್ತರಿಸಿಕೊಂಡಳು.

ಆಮೇಲೆ ಗೌನಿನ ಬಟ್ಟೆಯನ್ನು ನೆಲದ ಮೇಲೆ ಹರಡಿದಳು. ಮೂವತ್ತೊಂಬತ್ತರ ಸೀಮೆಸುಣ್ಣದ ಗೆರೆಯನ್ನು ಅಂಗೈಯಿಂದ ನಿಧಾನವಾಗಿ ಒರೆಸಿ, ಅಳತೆ ಪುಸ್ತಕ ನೋಡಿಕೊಂಡು, ವಕೀಲಕ್ಕ ಬರೆಸಿದಂತೆಯೇ ಮೂವತ್ತಾರಕ್ಕೆ ಗೆರೆ ಎಳೆದು, ಆ ಗೆರೆಯ ಮೇಲೇ ಕತ್ತರಿ ಆಡಿಸಿದಳು.