ಉಜ್ಜಪ್ಪನ ವರ್ಗಾವಣೆ

ಪೊಲೀಸ್ ಇಲಾಖೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಉಜ್ಜಪ್ಪ ಎನ್ನುತ್ತಿದ್ದರು. ಬಂದೂಕಿನ ನಂಬರನ್ನು ಉಜ್ಜಿ ಅಳಿಸುವವರು ಕಳ್ಳರು. ಅಳಿಸಿದ್ದನ್ನು ಮರಳಿ ಓದುವ ಪಾಪದವನಿಗೆ ಈ ಹೆಸರು. ಹೆಸರಿನ ಚಿಂತೆ ಅವನಿಗಿರಲಿಲ್ಲ. ಹೆಂಡತಿ, ಮಗಳು ಇನ್ನೊಂದು ಊರಿನಲ್ಲಿದ್ದರು. ಇವನು ಇಲ್ಲಿ ತಾನೇ ಸೀಯಿಸಿದ ಅಡುಗೆಯನ್ನು ತಾನೇ ತಿನ್ನುತ್ತಾ ಅವರ ಊರಿಗೆ ವರ್ಗಾವಣೆಗಾಗಿ ಬಾಯಿಬಾಯಿ ಬಿಡುತ್ತಿದ್ದ.

ಆ ಬೆಳಿಗ್ಗೆ ಸಾಹೇಬರು ಅವನ ಮೇಜಿನ ಮೇಲೆ ಒಂದು ಪಿಸ್ತೂಲು ಇಟ್ಟರು.

"ಕಳ್ಳನ ಚೀಲದಲ್ಲಿ ಸಿಕ್ಕಿದ್ದು ಕಣಯ್ಯಾ. ಕೋರ್ಟಿಗೆ ಹೋಗೋ ಮಾಲು, ಒಂದು ಗೀರೂ ಬೀಳಬಾರದು. ಆಸಿಡ್ಡು ಗೀಸಿಡ್ಡು ಮುಟ್ಟಬೇಡ. ನಿನ್ನ ವರ್ಗಾವಣೆ ಫೈಲು ಮೇಲಧಿಕಾರಿಗಳ ಹತ್ರ ಹೋಗಿದೆ. ಸಂಜೆಯೊಳಗೆ ನಂಬರು ತೆಗೆದುಕೊಡು, ನಾನೇ ಹೇಳಿ ಸಹಿ ಹಾಕಿಸ್ತೀನಿ."

ಉಜ್ಜಪ್ಪನಿಗೆ ರೆಕ್ಕೆ ಮೂಡಿದಂತಾಯಿತು. ನಂಬರನ್ನು ಅಚ್ಚೊತ್ತುವಾಗ ಬಿದ್ದ ಏಟು ಉಕ್ಕಿನ ಒಳಕ್ಕೂ ಇಳಿದಿರುತ್ತದೆ. ಮೇಲೆ ಎಷ್ಟು ಉಜ್ಜಿದರೂ ಒಳಪೆಟ್ಟು ಹೋಗುವುದಿಲ್ಲ. ಆಯಸ್ಕಾಂತ ಹಿಡಿದು ನುಣ್ಣನೆಯ ಕಬ್ಬಿಣದ ಪುಡಿ ಉದುರಿಸಿದರೆ, ಪುಡಿ ಆ ಪೆಟ್ಟಿನ ಜಾಡಿನಲ್ಲೇ ಬಂದು ಕೂರುತ್ತದೆ. ಸುತ್ತಲಿನವರು ಸ್ವಲ್ಪ ಹೊತ್ತು ಸುಮ್ಮನಿರಬೇಕು, ಅಷ್ಟೆ.

ಅದೊಂದು ಬಿಟ್ಟು ಉಳಿದದ್ದೆಲ್ಲ ಆ ಕಚೇರಿಯಲ್ಲಿ ಆಗುತ್ತಿತ್ತು. ಮೊದಲ ಅಂಕಿ ಮೂಡುತ್ತಿದ್ದಂತೆ ಗುಮಾಸ್ತರು ಬಂದು, "ಏನ್ರೀ ಇಷ್ಟು ಸೆಕೆ!" ಎಂದು ಫ್ಯಾನು ಹಾಕಿದರು. ಕಪ್ಪು ಪುಡಿಯೆಲ್ಲ ಹಾರಿ, ಪಿಸ್ತೂಲು ತಂದಿದ್ದ ಇನ್ಸ್‌ಪೆಕ್ಟರರ ಬಿಳಿ ಮೀಸೆಯ ಮೇಲೆ ಕೂತಿತು. ಅವರು ಹತ್ತು ವರ್ಷ ಚಿಕ್ಕವರಾಗಿ ಕಂಡರು.

ಎರಡನೆಯ ಸಲ ಅಂಕಿಗಳು ಅರ್ಧ ಮೂಡಿದಾಗ ಅದೇ ಮೀಸೆಯೊಳಗಿಂದ ಸೀನು ಬಂತು. ಮೂರನೆಯ ಸಲ ಸಾಹೇಬರು ಇಣುಕಲು ಬಂದರು. ಅವರ ಕೈಗಡಿಯಾರ ಆಯಸ್ಕಾಂತಕ್ಕೆ ಕಚ್ಚಿಕೊಂಡು ನಿಂತೇ ಹೋಯಿತು.

"ಅಯ್ಯೋ, ನಮ್ಮ ಮಾವ ಕೊಟ್ಟ ವಾಚು ಕಣೋ!"

ಯಾರಿಗೂ ಎದುರಾಡದ ಉಜ್ಜಪ್ಪ ಅವತ್ತು ಕೂಗಿಯೇಬಿಟ್ಟ. "ಎಲ್ಲರೂ ಆಚೆ ಹೋಗ್ರೀ! ನನ್ನ ಸಂಸಾರ ಈ ಪುಡೀಲಿದೆ!"

ಬಾಗಿಲಿಗೆ ಚಿಲಕ ಬಿತ್ತು. ಹೊರಗೆ ಕಿಟಕಿಯ ಗಾಜಿಗೆ ಮೂರು ಮೂಗುಗಳು ಒತ್ತಿಕೊಂಡವು. ಒಳಗೆ ಒಂದೊಂದೇ ಅಂಕಿ ಮೇಲೆದ್ದು ಬಂತು.

"ಕೊನೇದು ಮೂರು!" ಎಂದರು ಗುಮಾಸ್ತರು.

"ಎಂಟು ಕಣ್ರೀ, ಕನ್ನಡಕ ಒರೆಸ್ಕೊಳ್ಳಿ!" ಎಂದರು ಇನ್ಸ್‌ಪೆಕ್ಟರು.

ಉಜ್ಜಪ್ಪ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ. ಎಂಟೇ. ಅಷ್ಟೂ ಅಂಕಿಗಳು ಸ್ಪಷ್ಟವಾಗಿದ್ದವು. ಪಿಸ್ತೂಲಿನ ಮೇಲೆ ಒಂದೇ ಒಂದು ಹೊಸ ಗೀರಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ನಂಬರನ್ನು ಇನ್ಸ್‌ಪೆಕ್ಟರರಿಗೆ ಕೊಟ್ಟು, ಹೆಂಡತಿಗೆ ಫೋನು ಮಾಡಿ, "ಮುಂದಿನ ವಾರದಿಂದ ಮಗೂನ ಶಾಲೆಗೆ ನಾನೇ ಬಿಡ್ತೀನಿ," ಎಂದ.

ಸಂಜೆ ಸಾಹೇಬರು ಓಡಿ ಬಂದು ಅವನ ಬೆನ್ನು ತಟ್ಟಿದರು. "ಶಭಾಷ್ ಕಣಯ್ಯಾ! ಅದು ನಮ್ಮ ಇಲಾಖೆದೇ ಪಿಸ್ತೂಲಂತೆ. ಅದನ್ನ ಪಡೆದವರು ಮನೇಲಿ ಕಳುವಾದದ್ದನ್ನ ಮುಚ್ಚಿಟ್ಟು, ಭದ್ರವಾಗಿದೆ ಅಂತ ವರ್ಷ ವರ್ಷ ಬರೆದುಕೊಡ್ತಿದ್ರಂತೆ. ನಿನ್ನ ನಂಬರಿಂದಲೇ ಸಿಕ್ಕಿಬಿದ್ದರು. ಈಗ ತಾನೇ ಸಸ್ಪೆಂಡು!"

"ಯಾರು ಸಾರ್?"

"ಇನ್ಯಾರು, ನಮ್ಮ ಮೇಲಧಿಕಾರಿಗಳು!"

ಉಜ್ಜಪ್ಪ ಎದ್ದು ನಿಂತ. "ಸಾರ್... ನನ್ನ ಫೈಲು?"

"ಅವರ ಮೇಜಿನ ಮೇಲೇ ಇದೆ. ಕೋಣೆಗೆ ಸೀಲು ಹಾಕಿದಾರಪ್ಪ. ತನಿಖೆ ಮುಗಿಯೋವರೆಗೂ ಒಂದು ಕಾಗದಾನೂ ಆಚೆ ಬರಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ರೀ, ಮಗಳು ಆಗಲೇ ಶಾಲೆಯಲ್ಲೆಲ್ಲ ಹೇಳ್ಕೊಂಡು ಬಂದಿದಾಳೆ. ಸಹಿ ಆಯ್ತಾ?"

"ಇಲ್ಲ ಕಣೇ," ಎಂದ ಉಜ್ಜಪ್ಪ. "ಸಹಿ ಹಾಕೋರನ್ನ ನಾನೇ ಹಿಡಿದುಕೊಟ್ಟೆ."