ಐದನೇ ರೂಮಿಗೆ ಪುರಾವೆ

ನನ್ನ ಸೋದರಮಾವ ದೆವ್ವಕ್ಕೂ ರೂಮು ಕೊಡದೆ ವಾಪಸು ಕಳಿಸಿದ ಮನುಷ್ಯ. ಹೆದರಿ ಅಲ್ಲ, ಅದರ ಹತ್ತಿರ ಅಗತ್ಯ ಪ್ರಯಾಣದ ಪುರಾವೆ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ಸಂಜೆಯ ಪುಟದಲ್ಲಿ ‘ಉಪ್ಸಾರಿಗೆ ಉಪ್ಪು ಜಾಸ್ತಿಯಾಗಿತ್ತು’ ಎಂದಷ್ಟೇ ಇದೆ. ದೆವ್ವ ಬಂದ ದಿನ ಉಪ್ಪಿನ ಬಗ್ಗೆ ಬರೆದು ಮಲಗಿದವಳ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು, ನೀವೇ ಹೇಳಿ.

ಮಾವನದು ಗುಂಡ್ಲುಪೇಟೆಯಲ್ಲಿ, ಕೇರಳದ ಕಡೆ ಹೋಗುವ ರಸ್ತೆಯ ಅಂಚಿಗೆ, ಒಂದು ಸಣ್ಣ ಲಾಡ್ಜು. ಮದುವೆಯಾಗದ ಮಾವನ ಮನೆಯೂ ಅದೇ. ನನ್ನ ಮನೆ ಚಾಮರಾಜನಗರ, ಕೆಲಸ ಬದನಗುಪ್ಪೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ. ಕೊರೊನಾದ ಎರಡನೇ ಅಲೆ ಶುರುವಾಗುವ ಹೊತ್ತಿಗೆ ಅಮ್ಮ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯನ್ನು ಮಾವನಿಗೆ ಕೊಟ್ಟುಬರಲು ಹೋದೆ. ನಾನು ಅಲ್ಲಿದ್ದಾಗಲೇ ಬಸ್ಸುಗಳು ನಿಂತವು. ಉಪ್ಪಿನಕಾಯಿ ತಲುಪಿಸುವುದು ಅಗತ್ಯ ಪ್ರಯಾಣದ ಪೈಕಿ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು.

ಆ ರಸ್ತೆ ಖಾಲಿಯಾದದ್ದನ್ನು ನೋಡದವರಿಗೆ ಹೇಗೆ ವಿವರಿಸಲಿ? ಹಗಲಿಡೀ ಲಾರಿಗಳ ಸದ್ದಿಗೆ ಕಿಟಕಿ ಗಾಜು ನಡುಗುತ್ತಿದ್ದ ಜಾಗ ಅದು. ಈಗ ಮಟಮಟ ಮಧ್ಯಾಹ್ನ ನನ್ನ ಚಪ್ಪಲಿಯ ಸದ್ದು ನನಗೇ ಹಿಂದಿನಿಂದ ಕೇಳುತ್ತಿತ್ತು. ಪೆಟ್ರೋಲ್ ಬಂಕಿನ ನೆರಳಲ್ಲಿ ಮುಸುವಗಳು ಗಿರಾಕಿಗಳ ಹಾಗೆ ಕೂತಿರುತ್ತಿದ್ದವು. ಒಮ್ಮೆ ಜಿಂಕೆಯೊಂದು ನಡುರಸ್ತೆಯಲ್ಲಿ ನಿಂತು ಎರಡೂ ಕಡೆ ನೋಡಿ, ಏನೂ ಬರದಿದ್ದಕ್ಕೆ ಗಾಬರಿಯಾದಂತೆ ತಿರುಗಿ ಓಡಿತು.

ಒಂದು ಬೆಳಿಗ್ಗೆ ಪೊಲೀಸಿನವನೊಬ್ಬ ಬಂದು ಬಾಗಿಲಲ್ಲೇ ನಿಂತು ಹೇಳಿದ. ಅಗತ್ಯ ಪ್ರಯಾಣದವರಿಗೆ ಮಾತ್ರ ರೂಮು, ಅದೂ ಪುರಾವೆ ನೋಡಿ. ತಪ್ಪಿದರೆ ಲಾಡ್ಜಿಗೆ ಬೀಗ. ಬೀಗ ಬಿದ್ದರೆ ಮಾವನಿಗೆ ಕಸುಬೂ ಇಲ್ಲ, ಮಲಗಲು ಸೂರೂ ಇಲ್ಲ.

ಬೇರೆಯವರಾದರೆ ಕಾಗದ ನೋಡಿ ಬೀಗದ ಕೈ ಕೊಡುತ್ತಿದ್ದರು. ಮಾವನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ.

“ಪೇಪರ್‌ನ ಯಾವನ್ ಬೇಕಾದ್ರೂ ಒಡಿಸ್ಕಬತ್ತನೆ ಕಣಮ್ಮಿ. ಮಾದಪ್ಪನ ಮುಂದೆ ಸುಳ್ಳಾಡಕಾದದಾ?” ಎಂದ.

ಎಂದವನೇ ಕೌಂಟರಿನ ಮೇಲೆ ಮಲೆ ಮಾದಪ್ಪನ ಪಟ ಇಟ್ಟು, ಮುಂದೊಂದು ಹಿತ್ತಾಳೆ ತಟ್ಟೆ ಇಟ್ಟ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುವುದು ನಮ್ಮ ಕಡೆ ಕೊನೆಯ ಮಾತು. ಅದಾದ ಮೇಲೆ ನ್ಯಾಯ ಪಂಚಾಯ್ತಿ ಏನೂ ಇಲ್ಲ. ರೂಮು ಬೇಕೆಂದವರು ‘ನನ್ನ ಪ್ರಯಾಣ ಅಗತ್ಯ’ ಎಂದು ಹೇಳಿ ಕರ್ಪೂರ ಆರಿಸಬೇಕು ಎಂಬುದು ಮಾವನ ಕಾನೂನಾಯಿತು.

ಮೊದಲು ಸಿಕ್ಕಿದವರು ಕಾರಿನಲ್ಲಿ ಬಂದ ಮೂವರು ಯುವಕರು. ಊಟಿಯಲ್ಲಿ ಅಜ್ಜಿ ಸೀರಿಯಸ್ಸು ಎಂದು ವೈದ್ಯರ ಚೀಟಿ ತೋರಿಸಿದರು. ಕಾರಿನ ಹಿಂದಿನ ಸೀಟಿನಲ್ಲಿ ಗಿಟಾರು ಒರಗಿಕೊಂಡಿತ್ತು. ಮಾವ ಕರ್ಪೂರ ಹಚ್ಚಿದ. ಮೂವರೂ ಉರಿ ನೋಡಿದರು, ಪಟ ನೋಡಿದರು. ಕೊನೆಗೆ ಒಬ್ಬ ಮೆಲ್ಲಗೆ, “ಸಾರ್, ಅಜ್ಜಿ ಹೋಗಿ ಬಹಳ ವರ್ಷ ಆಯ್ತು” ಅಂದ.

“ಅಂಗಾದ್ರೆ ಆವಮ್ಮ ಊಟೀಲಿಲ್ಲ ಕಣಪ್ಪ, ಮೇಲವ್ಳೆ,” ಅಂದ ಮಾವ. “ಆ ರೋಡ್‌ಗೆ ಪಾಸ್ ಬೇಕಿಲ್ಲ. ಓಗದಾದ್ರೆ ಓಗಿ.”

ಅವರು ಕಾರು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದರು.

ಎರಡನೆಯವನು ಬಿತ್ತನೆ ಬೀಜದ ಕಂಪನಿಯವನು, ಪಾಪ, ಅಪ್ಪಟ ಸತ್ಯವಂತ. ಸರ್ಕಾರದ ನಿಯಮದಂತೆ ಮಾವ ಮೊದಲು ಅವನ ಅಂಗೈ ತುಂಬ ಸ್ಯಾನಿಟೈಸರ್ ಸುರಿದ. ಆಮೇಲೆ ತನ್ನ ನಿಯಮದಂತೆ ಕರ್ಪೂರ ತೋರಿಸಿದ. ಏನಾಯಿತೆಂದು ಹೇಳಬೇಕೆ? ಅಂಗೈ ಮೇಲೆ ನೀಲಿ ಉರಿ ಎದ್ದಿತು. ಆತ ಕೈ ಕೊಡವಿ ನಲ್ಲಿಗೆ ಓಡಿದ. “ಸ್ವಾಮಿ, ನಾನು ನಿಜವಾಗ್ಲೂ ಬೀಜದವನೇ!” ಎಂದು ಅಲ್ಲಿಂದಲೇ ಕೂಗಿದ. ಪುಣ್ಯಕ್ಕೆ ಚರ್ಮ ಕೆಂಪಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಮಾವ ಮಾತ್ರ ಬೆವರಿದ್ದ.

“ಮಾವ, ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇರುತ್ತೆ,” ಎಂದೆ, ಓದಿದವಳ ಗತ್ತಿನಲ್ಲಿ.

“ಅದ್ಕೇ ಅನ್ನು, ಮಾದಪ್ಪನಿಗೆ ಕ್ವಾಪ ಬಂದದ್ದು.”

ಆತನಿಗೆ ರೂಮೂ ಸಿಕ್ಕಿತು, ಕೈಗೆ ಬೆಣ್ಣೆಯೂ ಸಿಕ್ಕಿತು. ಮರುದಿನದಿಂದ ಮೊದಲು ದೇವರು, ಆಮೇಲೆ ಸ್ಯಾನಿಟೈಸರ್ ಎಂದು ತಿದ್ದುಪಡಿಯಾಯಿತು.

ಅವನೂ ಹೋದ ಮೇಲೆ ಯಾರೂ ಬರಲಿಲ್ಲ. ಐದನೇ ರೂಮಿನ ಬೆಲ್ ಶುರುವಾದದ್ದು ಆಗಲೇ. ಕೌಂಟರಿನ ಹಿಂದಿನ ಹಲಗೆಯಲ್ಲಿ ಆಯಾ ರೂಮಿನ ನಂಬರಿಗೆ ಒಂದೊಂದು ಸಣ್ಣ ದೀಪ. ಮುಸ್ಸಂಜೆಗೆ ಐದರ ದೀಪ ಹತ್ತಿ ಬೆಲ್ ಹೊಡೆಯಿತು. ರೂಮಿಗೆ ಬೀಗ ಹಾಕಿತ್ತು, ಬೀಗದ ಕೈ ಮಾವನ ಸೊಂಟದಲ್ಲಿತ್ತು. ಮರುದಿನವೂ ಅದೇ ಹೊತ್ತಿಗೆ ಹೊಡೆಯಿತು. ಪೇಟೆಯಿಂದ ಎಲೆಕ್ಟ್ರಿಷಿಯನ್ ಸಾಬರು ಬಂದು ಸ್ವಿಚ್ಚು ಬಿಚ್ಚಿ ನೋಡಿ, “ಅಣ್ಣಾ, ಈ ರೂಮಿಗೆ ವೈರೇ ಬಂದಿಲ್ಲ. ಇಲಿ ತಿಂದು ಎಷ್ಟು ಕಾಲ ಆಯ್ತೋ” ಎಂದರು.

“ವೈರಿದ್ದಿದ್ರೆ ರಿಪೇರಿ ಮಾಡುಸ್ಬೋದಿತ್ತು,” ಎಂದ ಮಾವ ಬೇಸರದಿಂದ. ಸಾಬರು ಟೀ ಕುಡಿಯಲೂ ನಿಲ್ಲಲಿಲ್ಲ.

ಆ ಸಂಜೆ ಬೆಲ್ ಹೊಡೆದಾಗ ಮಾವ ಮಾಸ್ಕ್ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ. ಹಿಂದೆ ನಾನು. ಮೇಲಿನ ಕಾರಿಡಾರು ಫಿನಾಯಿಲು ವಾಸನೆ ಹೊಡೆಯುತ್ತಿತ್ತು. ಐದರ ಬಾಗಿಲಿಂದ ಸರ್ಕಾರ ಹೇಳಿದಷ್ಟು ದೂರದಲ್ಲಿ ಮಾವ ನಿಂತ.

“ಯಾರಪ್ಪ ಅದು? ಎಲ್ಲಿಂದ ಬಂದಿದ್ದೀಯ?”

ಮಾವ ಬಾಗಿಲ ಕಡೆ ಕಿವಿಗೊಟ್ಟು ಮತ್ತೆ ಕೂಗಿದ.

“ಪುರಾವೆ ಇದ್ರೆ ಬಾಗ್ಲು ಸಂದೀಲಿ ತಳ್ಳು.”

ಬಾಗಿಲ ಸಂದಿಯಿಂದ ಒಂದಿಷ್ಟು ತಣ್ಣನೆಯ ಗಾಳಿ ನನ್ನ ಕಾಲಿಗೆ ತಗುಲಿತು.

“ಇಲ್ವಾ? ಅಂಗಾದ್ರೆ ಎದ್ದೋಗು. ಪೊಲೀಸ್ನೋರು ಬಂದ್ರೆ ನನ್ನ ಇಡಿತರೆ, ನಿನ್ನಲ್ಲ.”

ಒಳಗೆ ಮಂಚ ಕಿರುಗುಟ್ಟಿತು, ಕೂತವರು ಯಾರೋ ಎದ್ದ ಹಾಗೆ. ಕಿರುಗುಟ್ಟಿತೆಂದು ಈಗ ಬರೆಯುತ್ತಿದ್ದೇನೆ. ಆಗಲೇ ಕೇಳಿದ್ದೆನೋ, ಮಾವ ಆಮೇಲೆ ಊರೆಲ್ಲ ಹೇಳಿದ್ದನ್ನು ಕೇಳಿ ಕೇಳಿ ನನಗೂ ಕೇಳಿಸಿತೋ ಗೊತ್ತಿಲ್ಲ. ಮಾವನಂತೂ ಮೆಟ್ಟಿಲಿಳಿಯುತ್ತ, “ಮರ್ಯಾದಸ್ತ,” ಎಂದ. “ಏಳಿದ್ ತಕ್ಷಣ ಎದ್ದ.”

ಮರುದಿನ ಹೊತ್ತು ಮುಳುಗುವಾಗ ಆ ಹೆಂಗಸು ಬಂದಳು.

ಮಾಸ್ಕಿನ ಕಾಲದಲ್ಲಿ ಮುಖ ನೋಡಿ ಏನೂ ತಿಳಿಯುವುದಿಲ್ಲವೆಂದು ಮಾವ ಬಂದವರ ಪಾದ ನೋಡುತ್ತಿದ್ದ, ಮುಂದಕ್ಕಿವೆಯೋ ಹಿಂದಕ್ಕಿವೆಯೋ ಎಂದು. ಈಕೆಯ ಪಾದ ಮುಂದಕ್ಕೇ ಇದ್ದವು. ಬರಿಗಾಲು, ಮೊಳಕಾಲವರೆಗೆ ಧೂಳು. ಹತ್ತಿರದ ತೆರಕಣಾಂಬಿಯಿಂದ ನಡೆದೇ ಬಂದಿದ್ದಳು.

“ರೋಡ್ ಕಾಣೋ ಅಂತ ರೂಮ್ ಬೇಕಾಗಿತ್ತು ಕಣಣ್ಣ. ಒಂದು ರಾತ್ರಿಗೆ.”

“ತೆರಕಣಾಂಬಿಯವ್ರಿಗೆ ಇಲ್ಯಾಕವ್ವ ರೂಮು?”

ಅವಳು ನಿಧಾನವಾಗಿ ಹೇಳಿದಳು. ಗಂಡ ಕೇರಳಕ್ಕೆ ತರಕಾರಿ ಹೊಡೆಯುವ ಲಾರಿಯ ಡ್ರೈವರು. ಅಲ್ಲೇ ಕಾಯಿಲೆ ಬಿದ್ದು, ಅಲ್ಲೇ ಆಸ್ಪತ್ರೆ ಸೇರಿ, ಅಲ್ಲೇ ತೀರಿಕೊಂಡ. ಹೆಣ ತರುವುದು ಬೇಡವೆಂದು ಊರವರು ಅಂದರು. ಆಂಬುಲೆನ್ಸು ಬೆಳಗಿನ ಜಾವ ಇದೇ ರಸ್ತೆಯಲ್ಲಿ ಮೈಸೂರಿಗೆ ಹೋಗುತ್ತದೆ, ಅಲ್ಲೇ ಸುಡುತ್ತಾರೆ. ಮಧ್ಯೆ ನಿಲ್ಲಿಸುವುದಿಲ್ಲ, ಯಾರೂ ಹತ್ತಿರ ಬರುವ ಹಾಗಿಲ್ಲ ಎಂದು ಫೋನಿನಲ್ಲಿ ಹೇಳಿದ್ದಾರೆ.

“ಓಗೋದ್ನಾರ ಒಂದ್ಸಲ ನೋಡನ ಅಂತ.”

ಮಾವನ ಕೈ ಅಭ್ಯಾಸಬಲದಿಂದ ಕರ್ಪೂರ ಹಚ್ಚಿಯಾಗಿತ್ತು. ಹಚ್ಚಿದ ಮೇಲೆ ಏನು ಮಾಡಬೇಕೆಂದು ಅವನಿಗೇ ತಿಳಿಯಲಿಲ್ಲ. ತಟ್ಟೆ ಏಕೆಂದು ಅವಳು ಕೇಳಿದಳು, ನಾನು ತಗ್ಗಿದ ದನಿಯಲ್ಲಿ ಹೇಳಿದೆ. ಅವಳು ಉರಿಯನ್ನೇ ನೋಡಿದಳು, ಕೈ ಚಾಚಲಿಲ್ಲ.

“ಅಗತ್ಯ ಅಂತ ಎಂಗೆ ಆಣೆ ಇಕ್ಕನ ಕಣವ್ವ? ನಾ ನೋಡುದ್ರೂ ಅವ್ರು ಓಯ್ತರೆ, ನೋಡ್ದಿದ್ರೂ ಓಯ್ತರೆ. ಮಾದಪ್ಪನ ಮುಂದೆ ಸುಳ್ಳಾಡ್ಬಾರ್ದು.”

ಸೆರಗು ಸರಿಮಾಡಿಕೊಂಡು ಹೊರಬಾಗಿಲ ಕಡೆ ತಿರುಗಿದಳು.

ಮಾವ ತನ್ನ ಅಂಗೈಯನ್ನು ಉರಿಯ ಮೇಲೆ ಒತ್ತಿಬಿಟ್ಟ. “ನಾನಿಕ್ತೀನಿ ಆಣೆಯ. ಇದು ಅಗತ್ಯ. ಅಮ್ಮೀ, ಐದ್ನೇ ರೂಮು ಬಾಗ್ಲು ತಗಿ. ಅದ್ರ ಕಿಟ್ಕೀಲೇ ರೋಡ್ ಚೆನ್ನಾಗ್ ಕಾಣದು.”

“ಪೊಲೀಸಿನವರು ಬಂದರೆ?” ಎಂದೆ.

“ಬೀಗ ತಾನೆ ಆಕದು? ಆಕ್ಲಿ ಬುಡು.”

ಆ ಸಂಜೆ ಬೆಲ್ ಹೊಡೆಯಲಿಲ್ಲ. ಇಷ್ಟು ದಿನ ಹೊಡೆಯುತ್ತಿದ್ದದ್ದು ಅವಳಿಗೆ ರೂಮು ಕಾದಿರಿಸಲು ಎಂದು ಮಾವನ ವಾದ. ಇಲಿ ಎಂದು ನನ್ನ ವಾದ. ಬರೆಯುವಾಗ ನನ್ನ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ನಸುಕಿನಲ್ಲಿ ಮಾವ ನನ್ನನ್ನು ಎಬ್ಬಿಸಿದ. ಹಿತ್ತಲ ದನಗಳಿಗೆಂದು ಒಟ್ಟಿದ್ದ ಹುರುಳಿ ಹುಲ್ಲನ್ನು ಹೊರೆಗಟ್ಟಲೆ ಹೊತ್ತು ತಂದು ಲಾಡ್ಜಿನ ಮುಂದೆ ರಸ್ತೆಯ ಅಡ್ಡಗಲಕ್ಕೂ ಹರಡುತ್ತಿದ್ದ. ಸುಗ್ಗಿಯಲ್ಲಿ ನಮ್ಮ ಕಡೆಯವರು ಹುರುಳಿಯನ್ನು ಹೀಗೆ ರಸ್ತೆಗೆ ಹಾಕುತ್ತಾರೆ, ಗಾಡಿಗಳ ಚಕ್ರ ಹರಿದು ಕಾಳು ಉದುರಲಿ ಎಂದು. ಆದರೆ ಸುಗ್ಗಿ ಮುಗಿದು ತಿಂಗಳುಗಳಾಗಿದ್ದವು. ಆ ಹುಲ್ಲಿನಲ್ಲಿ ಒಂದು ಕಾಳೂ ಇರಲಿಲ್ಲ.

ಸೈರನ್ ಇಲ್ಲದೆ ಬಂತು ಆಂಬುಲೆನ್ಸು, ಮಂಜಿನಿಂದ ಬೇರ್ಪಟ್ಟ ಒಂದು ತುಣುಕಿನಂತೆ. ಹುಲ್ಲು ಕಂಡು ನಿಧಾನವಾಯಿತು. ಬಿಳಿ ಉಡುಪಿನಲ್ಲಿ ಕಣ್ಣು ಮಾತ್ರ ಕಾಣುತ್ತಿದ್ದ ಡ್ರೈವರು ಗಾಜಿಳಿಸಿ, “ಎಂದಾ ಚೇಟ್ಟಾ ಇದು?” ಎಂದು ಮಲಯಾಳದಲ್ಲಿ ಕೇಳಿದ, ಇದೇನಣ್ಣ ಎಂದು.

“ಒಕ್ಕಣೆ ಕಣಪ್ಪ,” ಎಂದ ಮಾವ, ಕವೆಗೋಲು ಹಿಡಿದು. “ನಮ್ಮೂರಲ್ಲಿ ರೋಡಲ್ಲೇ ಒಕ್ಕದು. ಮೆಲ್ಲುಕ್ ಓಗು.”

ಡ್ರೈವರು ಹುಲ್ಲು ನೋಡಿದ. ಅಂಚಿನಲ್ಲಿ ನಿಂತಿದ್ದ ಅವಳನ್ನು ನೋಡಿದ. ಗಾಜು ಏರಿಸಿ, ಹುಲ್ಲು ಸೊಂಟದುದ್ದ ಇದೆಯೇನೋ ಎಂಬಷ್ಟು ಮೆಲ್ಲಗೆ ಬಿಟ್ಟ. ಅವಳು ಗಾಡಿಯ ಮೈ ಮೇಲೆ ಅಂಗೈ ಇಟ್ಟು ಜೊತೆಯಲ್ಲೇ ನಡೆದಳು. ಏನೋ ಮಾತಾಡುತ್ತಿದ್ದಳು. ನಮಗೆ ಕೇಳಲಿಲ್ಲ, ನಮಗಾಗಿ ಆಡಿದ್ದೂ ಅಲ್ಲ. ಹುಲ್ಲು ಮುಗಿದಲ್ಲಿ ಕೈ ತೆಗೆದಳು.

ಗಾಡಿ ಮೈಸೂರು ದಾರಿಯ ಬೇಗೂರಿನ ಕಡೆ ಮರೆಯಾಯಿತು. ಅವಳು ನಡುರಸ್ತೆಯಲ್ಲಿ ಒಬ್ಬಳೇ ನಿಂತಳು. ಬೆಳಕು ಹರಿಯುತ್ತಿತ್ತು, ಪೊಲೀಸಿನವರ ಬೈಕು ಬರುವ ಹೊತ್ತು. ನಾನು ಹುಲ್ಲು ಬಾಚಿ ಹೊರೆ ಕಟ್ಟಲು ಬಗ್ಗಿದೆ.

ಮಾವ ತಡೆದ. ಕವೆಗೋಲಿನಿಂದ ಹುಲ್ಲನ್ನು ಎತ್ತಿ, ಕೊಡವಿ, ತಿರುವಿ ಹಾಕುತ್ತ, ಅತ್ತ ನೋಡದೆ ಹೇಳಿದ:

“ತಿರುವ್ತಾ ಇರು ಕಣಮ್ಮಿ. ಆವಮ್ಮ ಇನ್ನೂ ನಿಂತವ್ಳೆ.”